ದುಬೈ ಸೆಟ್ಟಿಂಗಿನ ಮಷೀನು

ನನಗೆ ಮೀಸೆ ಬಂದಿದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಇನ್ನೂ ಗಮನಿಸಿಲ್ಲ. ಎಡಗಡೆ ಹನ್ನೊಂದು ಕೂದಲು, ಬಲಗಡೆ ಒಂಬತ್ತು. ಮಾಮನ ಕ್ಷೌರದ ಕನ್ನಡಿಯಲ್ಲಿ ಮೂರು ಸಲ ಎಣಿಸಿದ್ದೇನೆ. ಅಂಗೈಯಗಲದ ಕನ್ನಡಿ. ಹಿಂದಿನ ರಸ ಅಲ್ಲಲ್ಲಿ ಉದುರಿ, ನನ್ನ ಮೂಗಿನ ಮೇಲೆ ಯಾವಾಗಲೂ ಯಾವುದೋ ದೇಶದ ನಕಾಶೆ ಬಿದ್ದಿರುತ್ತದೆ. ನಾಲ್ಕನೆಯ ಸಲ ಎಣಿಸುವಾಗ ಅನುಮಾನ ಹುಟ್ಟಿತು: ಕನ್ನಡಿಯಲ್ಲಿ ಎಡಗಡೆ ಕಂಡದ್ದು ನನ್ನ ಎಡಗಡೆಯೇ ಹೌದೋ ಅಲ್ಲವೋ. ನಿಮಗೆ ಇಂಥ ಅನುಮಾನ ಬಂದಿರಲಿಕ್ಕಿಲ್ಲ, ನೀವು ಪುಣ್ಯವಂತರು. ನನಗಂತೂ ಕನ್ನಡಿಯ ಮೇಲಿನ ನಂಬಿಕೆ ಹೋಗಿ ಒಂದು ವರ್ಷವಾಯಿತು. ಇದೇ ಕನ್ನಡಿಯ ದೆಸೆಯಿಂದ ಹೋದ ವರ್ಷ ವಾಡಿಯ ಅರ್ಧ ಊರು ನನ್ನನ್ನು ಬಯ್ದಿದೆ. ಅರ್ಧ ಊರು ಎಂದರೆ ಸ್ವಲ್ಪ ಹೆಚ್ಚಾಯಿತು. ಹದಿಮೂರು ಮಂದಿ.

ಹೆಚ್ಚು ಮಾಡಿ ಹೇಳುವುದು ನನ್ನ ತಪ್ಪಲ್ಲ, ನಮ್ಮ ಮನೆಯ ತಪ್ಪು. ನಾನು ಚಿಂಚೋಳಿಯವನು. ಅಲ್ಲಿ ನಮ್ಮ ಮನೆಯಲ್ಲಿ ಹದಿನಾಲ್ಕು ಜನ, ಎಲ್ಲರೂ ಒಟ್ಟಿಗೇ ಮಾತಾಡುವವರು. ಕೆಲವರು ಕನ್ನಡದಲ್ಲಿ ಸುರು ಮಾಡಿ ತೆಲುಗಿನಲ್ಲಿ ಮುಗಿಸುವವರು. ಆ ಗದ್ದಲದಲ್ಲಿ ನಿಮ್ಮ ಮಾತು ಯಾರ ಕಿವಿಗಾದರೂ ಬೀಳಬೇಕಾದರೆ ಅದನ್ನು ಸ್ವಲ್ಪ ಉಬ್ಬಿಸಲೇಬೇಕು. ನಾಯಿ ಬಂತು ಎಂದರೆ ಒಬ್ಬರೂ ತಲೆಯೆತ್ತುವುದಿಲ್ಲ. ತೋಳ ಬಂತು ಎಂದರೆ ಅಜ್ಜಿಯೊಬ್ಬಳು "ಎಲ್ಲಿ?" ಎನ್ನುತ್ತಾಳೆ. ಹಾಗೆ ಬೆಳೆದವನನ್ನು ಹತ್ತನೆಯದು ಮುಗಿದ ಮೇಲೆ, ಕಾಲೇಜು ಓದಲೆಂದು, ವಾಡಿಯಲ್ಲಿ ಮಾಮನ ಮನೆಗೆ ಕಳಿಸಿದರು.

ಮಾಮ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಮದುವೆಯಾಗಿಲ್ಲ. ಆತನ ಪಾಳಿ ವಾರವಾರಕ್ಕೂ ಬದಲಾಗುತ್ತಿತ್ತು. ಬದಲಾಗದಿದ್ದದ್ದು ಒಂದೇ, ನಾನು ಮನೆಯಲ್ಲಿರುವಾಗ ಆತ ಮಲಗಿರುತ್ತಿದ್ದ. ನೆಲವೂ ಫರ್ಶಿ ಹಾಸುಗಲ್ಲು, ಮಾಳಿಗೆಯೂ ಅದೇ ಫರ್ಶಿ, ಹೀಗಾಗಿ ಒಂದು ಚಮಚ ಬಿದ್ದರೆ ಮನೆಯೆಲ್ಲ ಗಂಟೆ ಬಾರಿಸಿದಂತೆ ಆಗುತ್ತಿತ್ತು. ಮಾಮ ಕಣ್ಣು ತೆರೆಯದೆಯೇ ಹೇಳುತ್ತಿದ್ದ: "ಶರಣ್ಯಾ, ಉಸಿರು ಬಿಡೋದಿದ್ರ ಹೊರಗ ಹೋಗಿ ಬಿಡು."

ಮೊದಲ ವಾರ ಒಳ್ಳೆಯ ಹುಡುಗ ಎನಿಸಿಕೊಳ್ಳೋಣವೆಂದು ಮಾಮನ ರೇಡಿಯೋದ ಮೇಲಿನ ಬೂದುಬಣ್ಣದ ಸಿಮೆಂಟ್ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮರುದಿನ ಸ್ಟೇಷನ್ ಬದಲಿಸುವ ಗುಂಡಿ ತಿರುಗಲಿಲ್ಲ. ಇವತ್ತಿಗೂ ಆ ರೇಡಿಯೋ ಒಂದೇ ಸ್ಟೇಷನ್ನಿಗೆ ಪತಿವ್ರತೆಯಾಗಿದೆ. ಮಾಮ ಬಯ್ಯಲಿಲ್ಲ. "ಈ ಊರಾಗ ಧೂಳಿಗಿ ನೀರು ತೋರಸಬಾರ್ದೋ. ತೋರಿಸಿದ್ರ ಗ್ವಾಡಿ ಆಗ್ತದ" ಅಂದು ಮತ್ತೆ ಮಲಗಿದ. ಆ ತಿಂಗಳಲ್ಲಿ ನಮ್ಮಿಬ್ಬರ ನಡುವೆ ನಡೆದ ಅತ್ಯಂತ ಉದ್ದನೆಯ ಸಂಭಾಷಣೆ ಅದೇ.

ಕಾಲೇಜು ಶಹಾಬಾದದಲ್ಲಿ. ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುವುದು. ತರಗತಿ ಮುಗಿದೊಡನೆ ಶಹಾಬಾದದವರು ಮನೆಗೆ, ಭಂಕೂರಿನವರು ಸೈಕಲ್ ಮೇಲೆ ಊರಿಗೆ. ವಾಡಿಯ ಕಡೆ ಬರುವವನು ನಾನೊಬ್ಬನೇ. ಅವ್ವನಿಗೆ ಬರೆದ ಕಾಗದದಲ್ಲಿ ನನಗೆ ಆರು ಮಂದಿ ಜೀವದ ಗೆಳೆಯರಿದ್ದಾರೆ ಎಂದು ಬರೆದೆ. ಅವ್ವ ತಮ್ಮನ ಕೈಯಲ್ಲಿ ತಿರುಗಿ ಬರೆಸಿದಳು: ಅವರ ಹೆಸರೇನು, ಹಬ್ಬಕ್ಕೆ ಕರಕೊಂಡು ಬಾ. ನಾನು ಹಾಜರಿ ಪುಸ್ತಕದ ಕ್ರಮದಲ್ಲಿಯೇ ಆರು ಹೆಸರು ಬರೆದು ಕಳಿಸಿದೆ. ಹಬ್ಬದ ಹೊತ್ತಿಗೆ ಆರೂ ಮಂದಿಗೆ ಒಟ್ಟಿಗೆ ಜ್ವರ ಬರಿಸಿದೆ.

ವಾಡಿ ಸ್ಟೇಷನ್ನಿನ ಹೊರಗೆ ಮಸ್ತಾನ್ ಚಾಚಾನ ಬಾಡಿಗೆ ಸೈಕಲ್ ಅಂಗಡಿ. ಚಾಚಾ ಎಲ್ಲಿಂದಲೋ ಹಳೆಯದೊಂದು ವಿಡಿಯೋ ಗೇಮಿನ ಮಷೀನು ಕೊಂಡು, ಹೈದರಾಬಾದಿನಿಂದ ಗೂಡ್ಸ್ ಗಾಡಿಗೆ ಹಾಕಿಸಿ ತಂದಿದ್ದ. ಕಪಾಟಿನಷ್ಟು ಎತ್ತರ, ಮುಂದೆ ಟಿ.ವಿ.ಯಂಥ ತೆರೆ, ಕೆಳಗೆ ಎರಡು ಹಿಡಿಕೆ. ಊರಲ್ಲಿ ಅವಕ್ಕೆ ಗೇರು ಅನ್ನುತ್ತಿದ್ದರು. ತೆರೆಯ ತಳದಲ್ಲಿ ಎರಡು ವಿಮಾನ, ಮೇಲಿಂದ ಬೀಳುವ ಚೌಕ ಬಂಡೆಗಳು. ಗೇರನ್ನು ಎಡಕ್ಕೆ ಬಲಕ್ಕೆ ಆಡಿಸಿ ತಪ್ಪಿಸಿಕೊಳ್ಳಬೇಕು. ಬಂಡೆ ನೋಡಲಿಕ್ಕೆ ಥೇಟ್ ನಮ್ಮ ಕಡೆಯ ಹಾಸುಗಲ್ಲು. ಹಾಗಾಗಿ ಅದು ಫರ್ಶಿ ಆಟ.

ಇಬ್ಬರು ಆಡುವ ಆಟ ಅದು. ಒಬ್ಬನೇ ಆಡಿದರೆ ಪಕ್ಕದ ವಿಮಾನ ಸುಮ್ಮನೆ ನಿಂತಿದ್ದು ಮೊದಲ ಬಂಡೆಗೇ ಸಾಯುತ್ತದೆ, ನೋಡಲು ಬೇಸರ. ನಾನು ದಿನಾ ಸಂಜೆ ಹಿಂದೆ ನಿಂತಿರುತ್ತಿದ್ದೆ. ಯಾರಾದರೂ ತಿರುಗಿ, ಎರಡನೆಯ ಗೇರು ಹಿಡಿ ಬಾ, ಅನ್ನಲಿ ಎಂದು. ನನಗೆ ಬೇಕಾಗಿದ್ದದ್ದು ಅಷ್ಟೇ. ಎರಡು ತಿಂಗಳಲ್ಲಿ ಒಬ್ಬನೇ ಒಬ್ಬ ಕರೆದ. ರಾವೂರಿನ ಮಲ್ಲ್ಯಾ. ನನಗಿಂತ ಎರಡು ವರ್ಷ ದೊಡ್ಡವನು, ಕಲ್ಲಿನ ಗಣಿಯಲ್ಲಿ ಕೆಲಸ, ರೆಪ್ಪೆಯ ಮೇಲೂ ಬಿಳಿ ಪುಡಿ. ಫರ್ಶಿ ಆಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ದಿನವಿಡೀ ನಿಜವಾದ ಬಂಡೆಯಿಂದ ತಪ್ಪಿಸಿಕೊಳ್ಳುವವನು.

"ಏ ಚಿಂಚೋಳಿ, ಗ್ವಾಡಿಗಿ ಅಂಟಿದಂಗ ಯಾಕ ನಿಂತೀದಿ? ಬಾ, ಹಿಡಿ."

ಹಿಡಿದೆ. ನನ್ನ ವಿಮಾನ ಎರಡನೆಯ ಬಂಡೆಗೆ ಹೋಯಿತು.

"ಅಡ್ಡಿ ಇಲ್ಲ" ಅಂದ ಮಲ್ಲ್ಯಾ, "ಬರೋ ಆಯ್ತಾರ ಮೂರನೇದ್ದಕ್ಕ ಸಾಯಿ."

ಆ ಭಾನುವಾರಕ್ಕೆ ನಾನು ಆರು ದಿನ ಕಾದೆ. ಭಾನುವಾರಕ್ಕೆ ಒಂದು ದಿನ ಮೊದಲು ಮಷೀನು ಕೆಟ್ಟಿತು. ತೆರೆಯೆಲ್ಲ ಕಪ್ಪು, ನಡುವೆ ಮೇಲಿಂದ ಕೆಳಗೆ ಒಂದೇ ಒಂದು ಬಿಳಿ ಗೆರೆ.

"ಬೈತಲಿ ತಗದಂಗ ಆಗ್ಯಾದಲ್ಲೋ" ಅಂದ ಚಾಚಾ. ಮಷೀನಿನ ನೆತ್ತಿಗೆ ಎರಡು ಏಟು ಕೊಟ್ಟ. ಗೆರೆ ನಡುಗಿತು, ಅಗಲವಾಗಲಿಲ್ಲ. "ಹೈದರಾಬಾದಿಂದ ಮಿಸ್ತ್ರಿ ಬರೋತನ ಮುಚ್ಚಿಡೋದೇ."

"ನಾ ಮಾಡ್ತೀನ್ರಿ ಚಾಚಾ."

"ನಿನಗ ಬರ್ತದ?"

"ಶಹಾಬಾದದಾಗ ಕಲ್ತೀನ್ರಿ."

ಕಲಿತದ್ದು ಹೀಗೆ. ರೈಲು ತಡವಾದಾಗಲೆಲ್ಲ ಶಹಾಬಾದ ಸ್ಟೇಷನ್ನಿನ ಎದುರಿಗಿದ್ದ ಟಿ.ವಿ. ರಿಪೇರಿ ಅಂಗಡಿಯ ಕಟ್ಟೆಗೆ ಮೊಣಕೈ ಊರಿ ನೋಡುತ್ತ ನಿಲ್ಲುತ್ತಿದ್ದೆ. ರೈಲು ಯಾವಾಗಲೂ ತಡವಾಗುತ್ತಿದ್ದುದರಿಂದ ನನ್ನ ಶಿಕ್ಷಣ ಗಾಢವಾಗಿತ್ತು. ಆ ಮೆಕ್ಯಾನಿಕ್ ನನ್ನೊಡನೆ ಮಾತಾಡಿದ್ದು ಒಮ್ಮೆ ಮಾತ್ರ, "ಬೆಳಕಿಗಿ ಅಡ್ಡ ನಿಂತೀದಿ" ಎಂದು. ಅದನ್ನು ನಾನು ಗುರುಬೋಧೆ ಎಂದು ಸ್ವೀಕರಿಸಿದ್ದೆ.

ಶನಿವಾರ ಮಧ್ಯಾಹ್ನ, ಚಾಚಾ ನಮಾಜಿಗೆ ಹೊರಟಾಗ ಅಂಗಡಿ ನನ್ನ ಕೈಗೆ ಬಂತು. ಮಾಮ ಮಲಗಿದ್ದ. ಅವನ ಕ್ಷೌರದ ಬ್ರಷ್ಷು, ಕ್ಷೌರದ ಕನ್ನಡಿ ಎರಡನ್ನೂ ಎತ್ತಿಕೊಂಡು ಬಂದಿದ್ದೆ. ಮಷೀನಿನ ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ಸಣ್ಣದೊಂದು ವಾಡಿ ಊರೇ ಇತ್ತು, ಎಲ್ಲದರ ಮೇಲೂ ಬೂದು ಧೂಳು. ರೇಡಿಯೋದ ಪಾಠ ನೆನಪಿತ್ತು. ನೀರು ತೋರಿಸದೆ ಒಣ ಬ್ರಷ್ಷಿನಿಂದ ಗುಡಿಸಿದೆ. ಅದಕ್ಕೂ ಮೊದಲು, ಗುರುಗಳು ಮಾಡುತ್ತಿದ್ದಂತೆ, ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ ಚಿತ್ರದ ಕೊಳವೆಯೊಳಗೆ ಉಳಿದ ಕರೆಂಟನ್ನು ಕಬ್ಬಿಣದ ಚೌಕಟ್ಟಿಗೆ ಇಳಿಸಿದೆ. ಪ್ಲಗ್ ಕಿತ್ತಿದ್ದರೂ ಟಪ್ ಎಂದಿತು. ನಾನು ಮೂರು ಮಾರು ಹಿಂದೆ ಹಾರಿದೆ. ಅಂಗಡಿಯ ಉದ್ದ ಎರಡೂವರೆ ಮಾರು, ಆದರೂ ಹಾರಿದ್ದು ಮೂರು.

ಕೊಳವೆಯ ಕುತ್ತಿಗೆಗೆ ತಾಮ್ರದ ತಂತಿ ಸುತ್ತಿದ ದಪ್ಪ ಪಟ್ಟಿಯಿರುತ್ತದೆ. ಅದರಿಂದ ಎರಡು ಜೊತೆ ತಂತಿ ಹೊರಡುತ್ತವೆ. ಒಂದು ಜೊತೆ ಚಿತ್ರವನ್ನು ಮೇಲೆ ಕೆಳಗೆ ಎಳೆಯುತ್ತದೆ, ಇನ್ನೊಂದು ಅಡ್ಡಕ್ಕೆ. ಉದ್ದನೆಯ ಗೆರೆ ಉಳಿದಿದೆ ಎಂದರೆ ಅಡ್ಡಕ್ಕೆ ಎಳೆಯುವ ಜೊತೆ ಸತ್ತಿದೆ. ತಂತಿ ಹಿಡಿದು ಮೆಲ್ಲಗೆ ಎಳೆದೆ. ಬೆಸುಗೆಯ ಸುತ್ತ ಉಗುರಿನ ಅಂಚಿನಷ್ಟು ಬಿರುಕು ಬಿಟ್ಟಿತ್ತು, ತಂತಿ ಕೈಗೇ ಬಂತು. ಚಾಚಾ ಸೈಕಲ್ ಡೈನಮೋಕ್ಕೆ ಬಳಸುವ ಬೆಸುಗೆ ಕಡ್ಡಿ ಕಾಯಿಸಿ ತಿರುಗಿ ಹಚ್ಚಿದೆ. ಇಷ್ಟರವರೆಗೆ ನಾನು ಮಾಡಿದ್ದೆಲ್ಲ ಸರಿ. ಇದನ್ನು ನೀವು ಮನಸ್ಸಿನಲ್ಲಿಡಬೇಕು.

ಹಿಂದೆ ಕೂತವನಿಗೆ ಮುಂದಿನ ತೆರೆ ಕಾಣುವುದಿಲ್ಲ. ಅದಕ್ಕೇ ಗುರುಗಳು ಎದುರಿಗೆ ಕನ್ನಡಿ ಇಡುತ್ತಿದ್ದರು. ನಾನೂ ಮಾಮನ ಕನ್ನಡಿಯನ್ನು ಎದುರಿನ ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿ, ಹಿಂದೆ ಬಂದು ಸ್ವಿಚ್ ಹಾಕಿ ಇಣುಕಿದೆ. ಕನ್ನಡಿ ತುಂಬ ಚಿತ್ರ. ಎದೆ ಉಬ್ಬಿತು. ಆದರೆ ಅಕ್ಷರ, ಅಂಕಿ ಎಲ್ಲ ತಿರುವುಮುರುವು. ಆಹಾ, ಜೊತೆಯ ಎರಡು ತಂತಿ ಅದಲುಬದಲಾಗಿವೆ ಎಂದು ನನ್ನ ಚುರುಕು ಬುದ್ಧಿಗೆ ಹೊಳೆಯಿತು. ಆರಿಸಿ, ಎರಡನ್ನೂ ಬಿಚ್ಚಿ ಅದಲುಬದಲು ಮಾಡಿ ಬೆಸೆದೆ. ಈಗ ಕನ್ನಡಿಯಲ್ಲಿ ಪ್ರತಿ ಅಕ್ಷರ ಸೀದಾ. ಕನ್ನಡಿಯಲ್ಲಿ ಸೀದಾ ಕಾಣುವುದು ತೆರೆಯ ಮೇಲೆ ಹೇಗಿರುತ್ತದೆ ಎಂಬ ವಿಚಾರ ನನಗೆ ಬರಲಿಲ್ಲ. ನೀವು ನಗುತ್ತಿದ್ದೀರಿ. ನಗಿ.

ಚಾಚಾ ನಮಾಜಿನಿಂದ ನಾಲ್ಕೈದು ಜನರೊಡನೆ ಬಂದ. ನಾನು ಬೆವರು ಒರೆಸಿಕೊಳ್ಳುತ್ತ ಮುಂದೆ ಬಂದೆ, ಒರೆಸಿಕೊಳ್ಳಲು ಬೆವರಿರಲಿಲ್ಲ.

"ಬಂತಲ್ಲೋ ಬೇಟಾ" ಅಂದ ಚಾಚಾ. ಆಮೇಲೆ ಗೇರು ಹಿಡಿದು ಬಲಕ್ಕೆ ತಳ್ಳಿದ. ವಿಮಾನ ಎಡಕ್ಕೆ ಹೋಯಿತು. "ಇದೇನು ಉಲ್ಟಾ ಅದ?"

ಆಗಷ್ಟೇ ನನಗೂ ಕಂಡಿತು. ನಾಲ್ಕೈದು ಜನ ನನ್ನ ಮುಖ ನೋಡುತ್ತಿದ್ದರು. ವಾಡಿಗೆ ಬಂದ ಮೇಲೆ ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿದ್ದು ಅದೇ ಮೊದಲು.

"ಉಲ್ಟಾ ಅಲ್ರಿ ಚಾಚಾ" ಅಂದೆ. "ದುಬೈ ಸೆಟ್ಟಿಂಗ್. ಮಷೀನು ಮೂಲ ಅಲ್ಲಿಂದೇ. ಹೈದರಾಬಾದದವರು ಬದಲಿ ಮಾಡಿ ಕೆಡಿಸಿದ್ರು, ನಾ ಅಸಲಿಗಿ ತಂದೀನಿ. ನೀವು ಉರ್ದು ಬಲಗಡಿಂದ ಬರೀತೀರಲ್ಲ? ಅಲ್ಲಿ ಎಲ್ಲಾ ಹಂಗೇ ಸುರು."

ಚಾಚಾ ತಲೆಯೆತ್ತಿ ತನ್ನ ಅಂಗಡಿಯ ಹಲಗೆ ನೋಡಿದ. ಮೇಲಿನ ಸಾಲು ಉರ್ದು, ಕೆಳಗಿನದು ಕನ್ನಡ. ಒಂದು ಅಲ್ಲಿಂದ ಇಲ್ಲಿಗೆ, ಒಂದು ಇಲ್ಲಿಂದ ಅಲ್ಲಿಗೆ. ಐವತ್ತು ವರ್ಷದಿಂದ ಎರಡೂ ಕಡೆಯಿಂದ ಓದಿಕೊಂಡು ಬಂದ ಮನುಷ್ಯನಿಗೆ ಇದರಲ್ಲಿ ಅನುಮಾನಿಸುವಂಥದ್ದು ಏನೂ ಕಾಣಲಿಲ್ಲ. ಹಿಂದೆ ನಿಂತವರಿಗೂ ಕಾಣಲಿಲ್ಲ.

"ಖರೇ ಅದ" ಅಂದ. ಸಂಜೆಯ ಹೊತ್ತಿಗೆ ಸ್ಟೇಷನ್ನಿನ ಹಮಾಲರವರೆಗೆ ಸುದ್ದಿಯಾಗಿತ್ತು, ಮಸ್ತಾನನ ಅಂಗಡಿಯಲ್ಲಿ ದುಬೈ ಮಷೀನು ಇದೆಯೆಂದು.

ಮೊದಲ ವಾರ ಜಾತ್ರೆಯಷ್ಟು ಜನ. ನಾನು ಮಷೀನಿಗೆ ಒರಗಿ ನಿಂತು ಒಳಗಿನ ವಿಷಯ ವಿವರಿಸುತ್ತಿದ್ದೆ. ಆದರೆ ಆಡಲು ಯಾರಿಗೂ ಬರುತ್ತಿರಲಿಲ್ಲ. ಕೈ ಒಂದು ಕಡೆ, ವಿಮಾನ ಒಂದು ಕಡೆ. ನನಗೆ ಬರುತ್ತಿತ್ತು. ನಿಶ್ಶಬ್ದದ ಮನೆಯಿಂದ ತಪ್ಪಿಸಿಕೊಳ್ಳಲು ನಾನು ಮಧ್ಯಾಹ್ನವೆಲ್ಲ ಅಲ್ಲಿಯೇ ಇದ್ದು, ಕೈಗೆ ಉಲ್ಟಾ ಕಲಿಸಿಬಿಟ್ಟಿದ್ದೆ. ಸೀದಾ ಆಟದಲ್ಲಿ ಎರಡನೆಯ ಬಂಡೆಗೇ ಸತ್ತವನು ಈಗ ಇನ್ನೂರು ಬಂಡೆ ದಾಟುತ್ತಿದ್ದೆ. ಸರಿ, ನೂರನಲವತ್ತು.

ರಿಪೇರಿಯ ಮರುದಿನ ಗಣಿಯಲ್ಲಿ ಬಿಡುವಿರಲಿಲ್ಲವಂತೆ, ಮಲ್ಲ್ಯಾ ಬಂದದ್ದು ಅದರ ಮುಂದಿನ ಭಾನುವಾರ. ಒಂದು ಸಲ ಸೋತ. ಎರಡನೆಯ ಸಲ ನಾಲಿಗೆ ಕಚ್ಚಿಕೊಂಡು ಆಡಿ ಸೋತ. ನಾನು ಅವನಿಗೆ ಸಲಹೆ ಕೊಟ್ಟೆ. ಅದು ನಾನು ಮಾಡಬಾರದಾಗಿತ್ತು.

"ಮಣಿಗಂಟು ಸಡಿಲ ಬಿಡ್ಬೇಕು ಮಲ್ಲ್ಯಾ. ಗಣಿ ಕೆಲಸದವರ ಕೈ ಬಿರುಸು ಇರ್ತಾವ."

ಮೂರನೆಯ ಸಲ ಸೋತು ಗೇರಿನಿಂದ ಕೈ ತೆಗೆದ. ತನ್ನ ಅಂಗೈ ನೋಡಿಕೊಂಡ. "ನಿನ್ನ ಮಷೀನು, ನೀನೇ ಆಡು" ಅಂದು ಸೈಕಲ್ ಹತ್ತಿದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಒಬ್ಬೊಬ್ಬರಾಗಿ ಉಳಿದವರೂ ಬಿಟ್ಟರು. ಸೋಲುವುದಕ್ಕೂ ಒಂದು ಲೆಕ್ಕ ಇರುತ್ತದಲ್ಲ, ತನ್ನ ಕೈಯೇ ತನ್ನ ಮಾತು ಕೇಳದಿದ್ದರೆ ಯಾರು ಬರುತ್ತಾರೆ?

ಆಮೇಲೆ ನಾನು ಎರಡೂ ಗೇರು ಹಿಡಿದು ಆಡತೊಡಗಿದೆ. ಬಲಗೈ ಒಬ್ಬ, ಎಡಗೈ ಒಬ್ಬ. ಬಲಗೈ ಯಾವಾಗಲೂ ಗೆಲ್ಲುತ್ತಿತ್ತು. ಎಡಗೈಗೆ ಬೇಸರವಾಗದಿರಲೆಂದು ಕೆಲವು ಸಲ ಬಲಗೈ ಬೇಕಂತಲೇ ಸೋಲುತ್ತಿತ್ತು. ಎಡಗೈಗೆ ಅದು ತಿಳಿಯುತ್ತಿತ್ತು. ಅವ್ವನಿಗೆ ಬರೆದೆ, ಇಡೀ ವಾಡಿಯಲ್ಲಿ ನನ್ನೊಡನೆ ಆಡಿ ಗೆಲ್ಲುವವರು ಯಾರೂ ಇಲ್ಲ ಎಂದು. ನಾನು ಬರೆದ ಕಾಗದಗಳಲ್ಲಿ ಒಂದಕ್ಷರವೂ ಸುಳ್ಳಿಲ್ಲದ್ದು ಅದೊಂದೇ. ಓದಿ ನೋಡಿ, ಅಂಚೆಗೆ ಹಾಕಲಿಲ್ಲ.

ಒಂದು ದಿನ ಕಾಲೇಜಿನಿಂದ ಬಂದರೆ ಮಷೀನಿನ ಮೇಲೆ ಚಾದರ ಹೊದಿಸಿ, ಮುಂದೆ ನಾಲ್ಕು ಸೈಕಲ್ ನಿಲ್ಲಿಸಿತ್ತು. ಚಾಚಾ ಪಾಟಿಯ ಮೇಲೆ ಯಾವ ಸೈಕಲ್ ಎಷ್ಟು ಗಂಟೆಗೆ ಹೋಯಿತೆಂದು ಉರ್ದು ಅಂಕಿಗಳಲ್ಲಿ ಬರೆಯುತ್ತಿದ್ದ. ಅಂಗಡಿಯಲ್ಲಿ ನಾವಿಬ್ಬರೇ.

"ಕುರಕುಂಟಾದವನೊಬ್ಬ ಬರ್ಲಿಕತ್ತಾನ ಸುಕ್ರಾರ" ಅಂದ. "ಡಬ್ಬಿ ಛಲೋ ಅದ, ಕೋಳಿ ಗೂಡಿಗಿ ಆಗ್ತದ ಅಂತಾನ. ಒಯ್ಯಲಿ. ಯಾರು ಆಡ್ತಾರ ಇದನ್ನ?"

ನಾನು ಚಾದರದ ತುದಿ ಎತ್ತಿ ತೆರೆಯನ್ನು ನೋಡಿದೆ. ಚಾಚಾ ಸೀಮೆಸುಣ್ಣ ಎತ್ತಿ ಹಿಡಿದು ಪಾಟಿಯನ್ನೇ ನೋಡುತ್ತಿದ್ದ.

"ಒಂದ್ ಮಾತು ಹೇಳು ಬೇಟಾ. ಅಕ್ಷರ ನಾವು ಬಲಗಡಿಂದ ಬರೀತೀವಿ, ಖರೇ. ಆದ್ರ ಅಂಕಿ ಉರ್ದುದಾಗೂ ಎಡಗಡಿಂದೇ. ನಿಮ್ಮಂಗೇ. ನಾಕು ದಶಕ ಬರದೀನಿ ಈ ಪಾಟಿ ಮ್ಯಾಲ. ಮತ್ತ ಮಷೀನಿನ್ಯಾಗ ಅಂಕಿ ಯಾಕ ಉಲ್ಟಾ ಅವ?"

ನನ್ನ ಹತ್ತಿರ ಉತ್ತರವಿತ್ತು. ದುಬೈಯಲ್ಲಿ ಹಂಗಲ್ಲ, ಇರಾಕಿನ ಕಡೆ ಹಂಗೆ, ಹೀಗೆ ಏನೋ ಒಂದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಆದರೆ ಹಿಂದೆ ಕೇಳಲು ನಾಲ್ಕೈದು ಜನರಿರಲಿಲ್ಲ. ಬರೀ ಸೈಕಲ್ಲುಗಳು.

"ನನ್ನಿಂದ ಆಗ್ಯಾದ್ರಿ" ಅಂದೆ. ಕನ್ನಡಿಯ ವಿಷಯ ಪೂರ್ತಿ ಹೇಳಿದೆ. ಉಬ್ಬಿಸದೆ ಹೇಳಿದರೆ ಒಂದು ಕಥೆ ಎಷ್ಟು ಬೇಗ ಮುಗಿಯುತ್ತದೆ ಎಂಬುದು ಅವತ್ತೇ ಗೊತ್ತಾದದ್ದು.

ಚಾಚಾ ಸೀಮೆಸುಣ್ಣ ಕೆಳಗಿಟ್ಟ. "ಮಸೀದಿ ಮುಂದ ನಿಂತು ದುಬೈ ದುಬೈ ಅಂದೀನಲ್ಲೋ" ಅಂದ. "ನನ್ನ ಬೀಗರಿಗಿ ಹೇಳೀನಿ. ಸೇಡಂದಿಂದ ಕರಸಿ ತೋರಿಸೀನಿ."

"ನಾ ಸುಳ್ಳು ಹೇಳೀನಿ ಅಂತ ಹೇಳ್ರಿ."

"ನಾ ಯಾಕ ಹೇಳ್ಲಿ? ಸುಳ್ಳು ಯಾರ್ದು? ನೀ ಹೋಗು. ಯಾರ್ಯಾರು ಆಡ್ಲಾಕ ಬರ್ತಿದ್ರು, ಅವರವರ ಮನಿಗಿ ಹೋಗಿ ನಿನ್ನ ಬಾಯಿಲೇ ಹೇಳು. ಮೊದಲ ಇದನ್ನ ಸೀದಾ ಮಾಡು."

ಸೀದಾ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಈ ಸಲ ಚಾಚಾನೇ ತೆರೆಯ ಮುಂದೆ ಕೂತು ನೋಡಿದ. ಹೇಳಲು ಮೂರು ದಿನ ಹಿಡಿಯಿತು. ಹಮಾಲರು ನಕ್ಕರು. ಚಹಾದಂಗಡಿಯವನು ಬಯ್ದ. ಸೇಡಂವರೆಗೆ ರೈಲಿನಲ್ಲಿ ಹೋದರೆ ಚಾಚಾನ ಬೀಗರು ನೀರು ಕೊಟ್ಟು ಬಯ್ದರು. ಹನ್ನೆರಡು ಮಂದಿ ಮುಗಿದ ಮೇಲೆ ರಾವೂರಿಗೆ ನಡೆದುಕೊಂಡು ಹೋದೆ. ಸೈಕಲ್ ಕೇಳಲು ಮುಖವಿರಲಿಲ್ಲ.

ಮಲ್ಲ್ಯಾ ಗಣಿಯ ಅಂಚಿನಲ್ಲಿ ಕೂತು ಬಂಡೆಗೆ ಗೆರೆ ಹೊಡೆಯುತ್ತಿದ್ದ. ನಾನು ಹೇಳುವುದನ್ನೆಲ್ಲ ತಲೆಯೆತ್ತದೆ ಕೇಳಿದ.

"ಅಂದ್ರ ನನ್ನ ಕೈ ಬಿರುಸು ಇರಲಿಲ್ಲ."

"ಇಲ್ಲ."

"ಇದನ್ನ ಹೇಳ್ಲಾಕ ಇಲ್ಲಿತನ ನಡ್ಕೋತ ಬಂದೀದಿ?"

"ಹೂಂ. ಒಬ್ಬನೇ ಆಡಿ ಆಡಿ ಬ್ಯಾಸರ ಆಗ್ಯಾದ."

ಅವನು ಗೆರೆಯ ಮೇಲಿನ ಪುಡಿ ಊದಿದ. ಉಳಿಯ ಮೇಲೆ ಸುತ್ತಿಗೆ ಇಟ್ಟು ಮತ್ತೆ ಕೆಲಸ ಸುರು ಮಾಡಿದ. ನಾನು ಸ್ವಲ್ಪ ಹೊತ್ತು ನಿಂತು, ತಿರುಗಿ ನಡೆದೆ. ರಾವೂರಿನಿಂದ ವಾಡಿ ಬರುವಾಗ ಹೋಗುವಾಗಿನದಕ್ಕಿಂತ ಇಮ್ಮಡಿ ದೂರ. ಇದರಲ್ಲಿ ಉಬ್ಬಿಸಿದ್ದೇನಿಲ್ಲ.

ಶುಕ್ರವಾರ ಕುರಕುಂಟಾದವನು ಬಂದಾಗ ಚಾಚಾ ಅವನಿಗೆ ಚಹಾ ಕುಡಿಸಿ, ಬರುವ ವಾರ ನೋಡೋಣ ಅಂದು ಕಳಿಸಿದ. ಭಾನುವಾರ ಮಷೀನಿನ ಸುತ್ತ ಮೊದಲಿನಷ್ಟೇ ಜನ. ನಾನು ಮೊದಲಿನ ಜಾಗದಲ್ಲಿ, ಎಲ್ಲರ ಹಿಂದೆ, ಗೋಡೆಗೊರಗಿ. ಮಲ್ಲ್ಯಾ ಬಂದವನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಗೇರು ಹಿಡಿದ. ಆಮೇಲೆ ತಿರುಗಿ ಹುಡುಕಿದ.

"ಎಲ್ಲಿ ಅದಾನ ಅವ, ದುಬೈ ಮಿಸ್ತ್ರಿ? ಬಾ ಇಲ್ಲಿ."

ಎಲ್ಲರೂ ನಕ್ಕರು. ನಾನು ಹೋಗಿ ಎರಡನೆಯ ಗೇರು ಹಿಡಿದೆ. ನನ್ನ ಕೈಗೆ ಈಗ ಉಲ್ಟಾ ಮಾತ್ರ ಗೊತ್ತು. ಮೊದಲ ಬಂಡೆ ಬರುತ್ತಲೇ ವಿಮಾನವನ್ನು ನೇರ ಅದರ ಕೆಳಗೇ ಒಯ್ದು ನಿಲ್ಲಿಸಿದೆ. ಸತ್ತಿತು. ಮತ್ತೆ ನಗೆ. ನಾನು ಪಕ್ಕಕ್ಕೆ ಸರಿಯಹೋದೆ.

"ಎಲ್ಲಿಗಿ ಹೊಂಟಿ?" ಅಂದ ಮಲ್ಲ್ಯಾ, ಕಣ್ಣು ತೆರೆಯ ಮೇಲೆಯೇ. "ಇಲ್ಲೇ ನಿಂದ್ರು. ನಾ ಕೆಳಗ ನೋಡ್ತೀನಿ, ನೀ ಮ್ಯಾಲ ನೋಡಿ ಹೇಳು."

ನಿಂತೆ. ಮೇಲಿಂದ ಎರಡು ಬಂಡೆ ಒಟ್ಟಿಗೆ ಇಳಿಯುತ್ತಿದ್ದವು, ಬಲಗಡೆ ಮಾತ್ರ ಖಾಲಿ. ನಾನು "ಎಡಕ್ಕ, ಎಡಕ್ಕ" ಅಂದೆ.

ಮಲ್ಲ್ಯಾ ಗೇರನ್ನು ಬಲಕ್ಕೆ ತಳ್ಳಿದ. ವಿಮಾನ ಉಳಿಯಿತು.

"ಹಿಂಗೇ ಹೇಳ್ಕೋತ ಇರು" ಅಂದ.